ತಿದ್ದುವ ಕೈ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹಿನ್ನೆಲೆಯಲ್ಲಿ ಚಿತ್ರಾಭ್ಯಾಸದ ಚರಿತ್ರೆ

ಪೀಠಿಕೆ

ಕರ್ನಾಟಕದ ಚಿತ್ರಕಲೆಯ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕೃತಿಕೇಂದ್ರಿತವಾದವು. ಚಿತ್ರವನ್ನು ಬರೆಯಿಸಿದ ಅರಸ ಯಾರು, ಬರೆದ ಕಲಾವಿದ ಯಾರು, ಅದರ ಕಾಲ ಮತ್ತು ಶೈಲಿ ಯಾವುವು ಎಂಬ ಪ್ರಶ್ನೆಗಳ ಸುತ್ತ ಅವು ರೂಪುಗೊಂಡಿವೆ. ಒಬ್ಬ ವ್ಯಕ್ತಿ ಚಿತ್ರ ಬರೆಯಲು ಹೇಗೆ ಕಲಿತ, ಮೊದಲ ಗೆರೆಯಿಂದ ಪೂರ್ಣರೂಪದವರೆಗೆ ಯಾವ ಯಾವ ಮೆಟ್ಟಿಲುಗಳನ್ನು ಹತ್ತಿದ, ತಪ್ಪಿದಾಗ ಅವನನ್ನು ತಿದ್ದಿದ ಬಗೆ ಎಂತಹದು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿದಿವೆ.

ಇದಕ್ಕೆ ಸಹಜವಾದ ಕಾರಣವೊಂದಿದೆ. ಅಭ್ಯಾಸದ ಗೆರೆ ಉಳಿಯುವುದಕ್ಕಾಗಿ ಹುಟ್ಟಿದ್ದಲ್ಲ. ಮರಳಿನ ಮೇಲೆ ಬರೆದದ್ದನ್ನು ಅಂಗೈ ಅಳಿಸುತ್ತದೆ. ಸ್ಲೇಟಿನ ಮೇಲೆ ಬರೆದದ್ದನ್ನು ಒದ್ದೆ ಬಟ್ಟೆ ಒರೆಸುತ್ತದೆ. ಡ್ರಾಯಿಂಗ್ ಪುಸ್ತಕವು ಪರೀಕ್ಷೆ ಮುಗಿದೊಡನೆ ರದ್ದಿಗೆ ಸೇರುತ್ತದೆ. ವಸ್ತುಸಂಗ್ರಹಾಲಯಗಳು ಮುಗಿದ ಚಿತ್ರವನ್ನು ಕಾಪಿಡುತ್ತವೆಯೇ ಹೊರತು ಅದಕ್ಕೆ ಮುಂಚಿನ ನೂರು ಸೊಟ್ಟ ಗೆರೆಗಳನ್ನಲ್ಲ. ಹೀಗಾಗಿ ಕಲೆಯ ಚರಿತ್ರೆಯಲ್ಲಿ ಫಲ ಮಾತ್ರ ಕಾಣುತ್ತದೆ, ಬೇಸಾಯ ಕಾಣುವುದಿಲ್ಲ.

ಪ್ರಸ್ತುತ ಲೇಖನವು ಈ ಬೇಸಾಯದ ಕಡೆಗೆ ಗಮನ ಹರಿಸುತ್ತದೆ. ತುಮಕೂರು ಜಿಲ್ಲೆಯ 10 ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ 4 ತಾಲ್ಲೂಕುಗಳು ಶಾಲಾ ಶಿಕ್ಷಣದ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಬಯಲುಸೀಮೆಯ ಈ ಭಾಗಕ್ಕೆ ಕಲಾಚರಿತ್ರೆಯ ಗ್ರಂಥಗಳಲ್ಲಿ ದೊರೆತಿರುವ ಸ್ಥಾನ ಕಿರಿದು. ಆದರೆ ಚಿತ್ರಾಭ್ಯಾಸವನ್ನು ಪರಿಶೀಲಿಸಲು ಇಂತಹ ಪ್ರದೇಶವೇ ಹೆಚ್ಚು ಉಪಯುಕ್ತ. ರಾಜಧಾನಿಯಲ್ಲಿ ಕಲಾಶಾಲೆ, ಗ್ಯಾಲರಿ, ಆಶ್ರಯದಾತರು ಎಲ್ಲವೂ ಇರುತ್ತವೆ. ಇಲ್ಲಿ ಒಂದು ಮಗು ಮತ್ತು ಚಿತ್ರಕಲೆಯ ನಡುವೆ ಇರುವುದು ಬಹುತೇಕ ಒಬ್ಬನೇ ವ್ಯಕ್ತಿ: ಶಾಲೆಯ ಡ್ರಾಯಿಂಗ್ ಮೇಷ್ಟ್ರು.

ಈ ಲೇಖನದ ಪ್ರತಿಪಾದನೆ ಇಷ್ಟು. ಚಿತ್ರಾಭ್ಯಾಸಕ್ಕೆ ಎರಡು ಅಂಗಗಳು: ಒಂದು ಕ್ರಮಬದ್ಧವಾದ ಪಾಠ, ಇನ್ನೊಂದು ತಿದ್ದುಪಡಿ. ಪಾಠವನ್ನು ಪುಸ್ತಕದಲ್ಲಿ ಮುದ್ರಿಸಿ ಎಲ್ಲಿಗೆ ಬೇಕಾದರೂ ಕಳುಹಿಸಬಹುದು; ತಿದ್ದುವ ಕೈಯನ್ನು ಹಾಗೆ ಕಳುಹಿಸಲು ಬರುವುದಿಲ್ಲ. ನಮ್ಮಲ್ಲಿ ಪಾಠಕ್ರಮ ಹಲವು ಬಾರಿ ಬದಲಾಗಿದೆ, ವಿಸ್ತರಿಸಿದೆ. ತಿದ್ದುವ ಕೈಯ ವಿಚಾರ ಮಾತ್ರ ಪ್ರತಿ ಬದಲಾವಣೆಯಲ್ಲಿಯೂ ಹಿಂದೆ ಉಳಿಯುತ್ತ ಬಂದಿದೆ.

'ತಿದ್ದು' ಎಂಬ ಮಾತು

ಕನ್ನಡದಲ್ಲಿ ಅಕ್ಷರ ಕಲಿಯುವುದಕ್ಕೆ 'ಅಕ್ಷರ ತಿದ್ದುವುದು' ಎನ್ನುತ್ತೇವೆ. ಗುರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಬೆರಳಾಡಿಸುವುದೇ ತಿದ್ದುವುದು. ತಪ್ಪನ್ನು ಸರಿಪಡಿಸುವುದಕ್ಕೂ ಇದೇ ಮಾತು. ಹಳಗನ್ನಡದ 'ತಿರ್ದು' ಹೊಸಗನ್ನಡದಲ್ಲಿ 'ತಿದ್ದು' ಆಗಿದೆ. ತಮಿಳಿನ 'ತಿರುತ್ತು' ಇದರ ಸೋದರ ಪದ. ಶಿಷ್ಯನು ಮಾಡುವ ಅಭ್ಯಾಸ ಮತ್ತು ಗುರುವು ಮಾಡುವ ಸರಿಪಡಿಕೆ ಎರಡನ್ನೂ ಒಂದೇ ಕ್ರಿಯಾಪದವು ಹೇಳುವುದು ಗಮನಾರ್ಹವಾದ ಸಂಗತಿ. ಅಭ್ಯಾಸ ಬೇರೆ, ತಿದ್ದುಪಡಿ ಬೇರೆ ಎಂಬ ಭಾವನೆ ನಮ್ಮ ಹಳೆಯ ಶಿಕ್ಷಣದ ಮಾತಿನಲ್ಲಿ ಇರಲಿಲ್ಲ.

ಕೂಲಿಮಠಗಳ ಕಾಲದಲ್ಲಿ ಅಕ್ಷರಾಭ್ಯಾಸವೇ ರೇಖಾಭ್ಯಾಸವೂ ಆಗಿತ್ತು. ಕನ್ನಡದ ಅಕ್ಷರಗಳು ದುಂಡಗಿನವು. ಅವುಗಳನ್ನು ಮರಳಿನ ಮೇಲೆ ದೊಡ್ಡದಾಗಿ ತಿದ್ದುವಾಗ ಮಣಿಕಟ್ಟು, ಮೊಣಕೈ ಎರಡೂ ಬಳುಕಬೇಕಾಗುತ್ತದೆ. ಚಿತ್ರಕಾರನಿಗೆ ಬೇಕಾದ ಮೊದಲ ಪಳಗಿಕೆಯೂ ಇದೇ. ಸುಂದರವಲ್ಲದ ತಮ್ಮ ಕೈಬರಹವನ್ನು ನೆನೆದು ಗಾಂಧೀಜಿಯವರು ಆತ್ಮಕಥೆಯಲ್ಲಿ, ಮಕ್ಕಳಿಗೆ ಬರವಣಿಗೆಗಿಂತ ಮೊದಲು ಚಿತ್ರ ಬರೆಯುವುದನ್ನು ಕಲಿಸಬೇಕು ಎಂದು ಅಭಿಪ್ರಾಯಪಟ್ಟಿರುವುದನ್ನು ಇಲ್ಲಿ ಸ್ಮರಿಸಬಹುದು. 1937ರ ವಾರ್ಧಾ ಸಮ್ಮೇಳನದ ತರುವಾಯ ಝಾಕಿರ್ ಹುಸೇನ್ ಸಮಿತಿ ರೂಪಿಸಿದ ಮೂಲಶಿಕ್ಷಣದ ಪಠ್ಯಕ್ರಮದಲ್ಲಿ ಚಿತ್ರಕಲೆಯು ಒಂದು ವಿಷಯವಾಗಿ ಸೇರಿತ್ತು.

ಶಾಲೆಯ ಹೊರಗೆ ಇನ್ನೊಂದು ರೇಖಾಭ್ಯಾಸ ನಡೆಯುತ್ತ ಬಂದಿದೆ. ಮನೆಯಂಗಳದ ಚುಕ್ಕಿ ರಂಗೋಲಿಯೇ ಅದು. ಚುಕ್ಕಿಗಳನ್ನು ಸಮ ಅಂತರದಲ್ಲಿ ಇಡುವುದು, ನಾಲ್ಕು ಚುಕ್ಕಿಯಿಂದ ಆರಂಭಿಸಿ ಎಂಟು, ಹದಿನಾರು ಎಂದು ಬೆಳೆಸುವುದು, ಗೆರೆ ಎಲ್ಲಿಯೂ ಕಡಿಯದಂತೆ ಸುತ್ತಿ ತರುವುದು ಇವೆಲ್ಲ ಹಂತಹಂತವಾದ ಪಾಠಗಳೇ. ಇದರ ಗುರು ತಾಯಿ ಅಥವಾ ಅಜ್ಜಿ. ತಪ್ಪಿದ ಎಳೆಯನ್ನು ಅವರು ಆ ಕ್ಷಣದಲ್ಲಿಯೇ ಅಳಿಸಿ ಮತ್ತೆ ಎಳೆಸುತ್ತಾರೆ. ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರದ ಪ್ರಭೇದಗಳನ್ನು ಹೇಳುವಾಗ ಪುಡಿಯಿಂದ ಬರೆಯುವ ಧೂಳಿಚಿತ್ರವನ್ನೂ ಸೇರಿಸಲಾಗಿದೆ. ಶಾಸ್ತ್ರಕಾರನು ಚಿತ್ರವೆಂದು ಮನ್ನಿಸಿದ ಈ ವಿದ್ಯೆಯನ್ನು ನಮ್ಮ ಶಿಕ್ಷಣದ ಚರಿತ್ರೆಯು ಕಲಿಕೆಯೆಂದು ಎಣಿಸಿಲ್ಲ.

ಸೂತ್ರ, ತಾಳ ಮತ್ತು ಗುರು

ವೃತ್ತಿಪರ ಚಿತ್ರಕಾರರ ಮತ್ತು ಶಿಲ್ಪಿಗಳ ಶಿಕ್ಷಣವು ಇದಕ್ಕಿಂತ ಬಿಗಿಯಾದುದು. 'ಮಾನಸೋಲ್ಲಾಸ'ವು ಆಕೃತಿಯನ್ನು ನಿಲ್ಲಿಸುವ ಮೊದಲು ನೆತ್ತಿಯ ನಡುವಿನಿಂದ ಇಳಿಯುವ ಬ್ರಹ್ಮಸೂತ್ರವನ್ನೂ ಅದರ ಎರಡು ಬದಿಗೆ ಪಕ್ಷಸೂತ್ರಗಳನ್ನೂ ಹೇಳುತ್ತದೆ. ಆಕೃತಿಯು ನೋಡುಗನಿಗೆ ಎದುರಾಗಿದೆಯೆ, ಓರೆಯಾಗಿದೆಯೆ, ಪಕ್ಕಕ್ಕೆ ತಿರುಗಿದೆಯೆ ಎಂಬುದಕ್ಕೆ ಅನುಗುಣವಾಗಿ ಈ ಸೂತ್ರಗಳ ನಡುವಿನ ಅಂತರ ಬದಲಾಗುತ್ತದೆ. ಮೂರ್ತಿಶಿಲ್ಪದಲ್ಲಿ ತಾಳಮಾನವು ಅಳತೆಯ ಆಧಾರ. ಒಂದು ತಾಳಕ್ಕೆ 12 ಅಂಗುಲ. ನವತಾಳದ ಆಕೃತಿಗೆ 108 ಅಂಗುಲ. ಇಲ್ಲಿ ಅಂಗುಲವೆಂದರೆ ನಿಶ್ಚಿತ ಉದ್ದವಲ್ಲ. ಆಯಾ ಆಕೃತಿಯೊಳಗಿನ ಪಾಲು ಮಾತ್ರ. ಆದ್ದರಿಂದ ಅಂಗೈಯಗಲದ ಚಿತ್ರಕ್ಕೂ ಆಳೆತ್ತರದ ವಿಗ್ರಹಕ್ಕೂ ಅದೇ ಲೆಕ್ಕ ಒಪ್ಪುತ್ತದೆ.

ಈ ಪರಂಪರೆಯ ಅಭ್ಯಾಸಕ್ರಮವು ಸಾಮಾನ್ಯವಾಗಿ ಸರಳರೇಖೆ ಮತ್ತು ಬಾಗುರೇಖೆಗಳಿಂದ ಮೊದಲಾಗಿ, ಕಮಲ, ಬಳ್ಳಿ, ಹಂಸ, ಯಾಳಿಗಳನ್ನು ದಾಟಿ, ಹಸ್ತಮುದ್ರೆ ಮತ್ತು ಮುಖಗಳಿಗೆ ಬಂದು, ಕೊನೆಗೆ ತಾಳಬದ್ಧವಾದ ಪೂರ್ಣಾಕೃತಿಯನ್ನು ಮುಟ್ಟುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಾರರು ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ತಯಾರಿಸಿದ ಇದ್ದಿಲಿನಿಂದ ಮೊದಲ ಕರಡನ್ನು ಹಾಕುತ್ತಿದ್ದರು. ಇದ್ದಿಲಿನ ಗೆರೆ ಬಟ್ಟೆ ತಾಗಿದರೆ ಹೋಗುತ್ತದೆ. ತಿದ್ದುವುದಕ್ಕೆ ಅವಕಾಶ ಇರಲೆಂದೇ ಆರಿಸಿಕೊಂಡ ಸಾಧನ ಅದು. ಗುರುವು ಒಪ್ಪಿದ ನಂತರ ಮಾತ್ರ ಅಳಿಯದ ಬಣ್ಣದ ಗೆರೆ.

ನಮ್ಮ ಪ್ರದೇಶದ ಅಂಚಿನಲ್ಲಿಯೇ ಈ ಶಿಕ್ಷಣದ ಫಲವನ್ನು ಕಾಣಬಹುದು. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ, ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕೆ ಸೀಬಿಯ ನರಸಿಂಹಸ್ವಾಮಿ ದೇವಾಲಯವಿದೆ. ಟಿಪ್ಪು ಸುಲ್ತಾನನ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ ಮತ್ತು ನಲ್ಲಪ್ಪ ಎಂಬ ಸೋದರರು ಇದನ್ನು ಕಟ್ಟಿಸಿದರು. ಇದರ ಮುಖಮಂಟಪದ ಛಾವಣಿಯಲ್ಲಿ ಪುರಾಣಕಥೆಗಳ ಜೊತೆಗೆ ಆಸ್ಥಾನದೃಶ್ಯಗಳೂ ಚಿತ್ರಿತವಾಗಿವೆ. ಕಥೆಯನ್ನು ಪಟ್ಟಿಕೆಗಳಲ್ಲಿ ಹೇಳುವಾಗ ಒಂದೇ ಪಾತ್ರವು ಹಲವು ಕಡೆ ಬರುತ್ತದೆ. ಬಂದಾಗಲೆಲ್ಲ ಗುರುತಿಗೆ ಸಿಗಬೇಕು. ಅದೂ ಕತ್ತೆತ್ತಿ ಬರೆಯಬೇಕಾದ ಛಾವಣಿಯಲ್ಲಿ. ಒಂದೇ ಅಭ್ಯಾಸದಲ್ಲಿ ಪಳಗಿದ ಕೈಗಳಿಲ್ಲದೆ ಇದು ಸಾಧ್ಯವಿಲ್ಲ. ಪೂರ್ವದ ಗಡಿಯಾಚೆ ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿರುವ 16ನೆಯ ಶತಮಾನದ ವಿಜಯನಗರ ಕಾಲದ ಛಾವಣಿಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಶಿರಾ ಪಟ್ಟಣದ 1651ರ ಮಲಿಕ್ ರಿಹಾನ್ ಗೋರಿ ಮತ್ತು 1696ರ ಜುಮ್ಮಾ ಮಸೀದಿಗಳು ಇನ್ನೊಂದು ಪರಂಪರೆಯನ್ನು ನೆನಪಿಸುತ್ತವೆ. ಕಮಾನು, ಗುಮ್ಮಟಗಳ ರಚನೆಯ ಹಿಂದೆ ಇರುವುದು ಕೈವಾರ ಮತ್ತು ಹುರಿಯಿಂದ ಕಲಿತ ರೇಖಾಗಣಿತ.

ತಿದ್ದುಪಡಿಯ ಬಗೆಗೆ ಜಿಲ್ಲೆಯ ಜನಪದವು ಒಂದು ಐತಿಹ್ಯವನ್ನೇ ಕಟ್ಟಿಕೊಂಡಿದೆ. ತುಮಕೂರಿನ ಸಮೀಪದ ಕೈದಾಳವು ಜಕಣಾಚಾರಿಯ ಊರೆಂದು ಪ್ರತೀತಿ. ಬೇಲೂರಿನಲ್ಲಿ ಆತ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಅಪರಿಚಿತ ತರುಣನೊಬ್ಬ ಹೇಳಿದ. ಪರೀಕ್ಷಿಸಿದಾಗ ಕಲ್ಲಿನೊಳಗಿಂದ ಕಪ್ಪೆ ಹೊರಬಂದಿತು. ಮಾತಿಗೆ ಕಟ್ಟುಬಿದ್ದ ಜಕಣ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ. ಆ ತರುಣ ತನ್ನ ಮಗ ಡಂಕಣನೆಂದು ಬಳಿಕ ತಿಳಿಯಿತು ಎಂಬುದು ಕಥೆ. ಜಕಣಾಚಾರಿಯ ಐತಿಹಾಸಿಕತೆಯನ್ನು ವಿದ್ವಾಂಸರು ಒಪ್ಪುವುದಿಲ್ಲ. ಬೇಲೂರಿನ ಶಿಲ್ಪಗಳಲ್ಲಿ ದೊರೆಯುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮುಂತಾದವು. ಆದರೂ ಕಥೆಯ ತಿರುಳು ಚಿಂತನೀಯವಾಗಿದೆ. ತಿದ್ದುವ ಅಧಿಕಾರ ವಯಸ್ಸಿಗೆ ಸೇರಿದ್ದಲ್ಲ, ಕಾಣುವ ಕಣ್ಣಿಗೆ ಸೇರಿದ್ದು ಎಂಬುದು ಒಂದು. ಬಹಿರಂಗವಾಗಿ ತಿದ್ದಿಸಿಕೊಳ್ಳುವುದು ಕೈ ಕಳೆದುಕೊಂಡಷ್ಟು ನೋವಿನದು ಎಂಬುದು ಇನ್ನೊಂದು. ಚಿತ್ರ ಕಲಿಸುವ ಯಾವ ಶಿಕ್ಷಕನೂ ಈ ಎರಡನೆಯ ಅಂಶವನ್ನು ಮರೆಯುವಂತಿಲ್ಲ.

ಸೌತ್ ಕೆನ್ಸಿಂಗ್ಟನ್‌ನಿಂದ ಮೈಸೂರಿಗೆ

ಇಂದಿನ ಶಾಲೆಗಳ ಚಿತ್ರಕಲಾ ಪಾಠದ ಮೂಲ ಬೇರೆ ಕಡೆ ಇದೆ. 19ನೆಯ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಪೆಸ್ಟಲಾಟ್ಸಿ ರೇಖೆ, ಕೋನ, ಚೌಕಗಳನ್ನು ದೃಷ್ಟಿಯ ವರ್ಣಮಾಲೆಯೆಂದು ಭಾವಿಸಿ ಪಾಠಗಳನ್ನು ರೂಪಿಸಿದ. 1850ರ ದಶಕದಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಹೆನ್ರಿ ಕೋಲ್ ಮತ್ತು ರಿಚರ್ಡ್ ರೆಡ್‌ಗ್ರೇವ್ ಇಡೀ ಚಿತ್ರಕಲಾ ಶಿಕ್ಷಣವನ್ನು 23 ಘಟ್ಟಗಳಾಗಿ ವಿಂಗಡಿಸಿದರು. ಉಪಕರಣಗಳಿಂದ ಗೆರೆ ಎಳೆಯುವುದು ಮೊದಲ ಘಟ್ಟ. ಮುದ್ರಿತ ಮಾದರಿಯನ್ನು ನೋಡಿ ಮುಕ್ತಹಸ್ತದ ಹೊರರೇಖೆ, ಅನಂತರ ಘನವಸ್ತುವನ್ನು ನೋಡಿ ಬರೆಯುವುದು, ನೆರಳು, ಬಣ್ಣ ಹೀಗೆ ಮುಂದುವರಿದು ವಿನ್ಯಾಸವು ಕೊನೆಯ ಘಟ್ಟಗಳಲ್ಲಿ ಬರುತ್ತಿತ್ತು. ಕಾರ್ಖಾನೆಗಳಿಗೆ ಬೇಕಾದ ವಿನ್ಯಾಸಗಾರರನ್ನು ತಯಾರಿಸುವುದು ಇದರ ಮುಖ್ಯ ಗುರಿ. ವಿದ್ಯಾರ್ಥಿಗಳ ಫಲಿತಾಂಶವನ್ನು ನೋಡಿ ಶಿಕ್ಷಕರಿಗೆ ಹಣ ಕೊಡುವ ಪದ್ಧತಿಯೂ ಇದರೊಡನೆ ಬೆಳೆಯಿತು.

ಭಾರತದಲ್ಲಿ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಮದರಾಸಿನಲ್ಲಿ ಕಲಾಶಾಲೆಯನ್ನು ತೆರೆದ. 1854ರಲ್ಲಿ ಕಲ್ಕತ್ತ, 1857ರಲ್ಲಿ ಮುಂಬಯಿ ಕಲಾಶಾಲೆಗಳು ಬಂದವು. ಸೌತ್ ಕೆನ್ಸಿಂಗ್ಟನ್ ಕ್ರಮವು ಈ ಶಾಲೆಗಳ ಮೂಲಕ ನಮ್ಮ ನಾಡಿಗೆ ಇಳಿಯಿತು. ಉತ್ತರ ಕರ್ನಾಟಕದ ಶಾಲೆಗಳು ಮುಂಬಯಿಯ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯಟ್ ಪರೀಕ್ಷೆಗಳ ವ್ಯಾಪ್ತಿಗೆ ಬಂದರೆ, ತುಮಕೂರು ಜಿಲ್ಲೆಯನ್ನು ಒಳಗೊಂಡ ಮೈಸೂರು ಸಂಸ್ಥಾನ ತನ್ನದೇ ಹಾದಿ ಹಿಡಿಯಿತು. 1906ರಲ್ಲಿ ಶಂಕುಸ್ಥಾಪನೆಯಾದ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯು ಮರಗೆಲಸ, ಲೋಹಗೆಲಸಗಳೊಡನೆ ಚಿತ್ರಕಲೆಯನ್ನೂ ಕಲಿಸಿತು. 1980ರ ದಶಕದಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ರೂಪುಗೊಂಡದ್ದು ಈ ಪರಂಪರೆಯಿಂದಲೇ. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ಸ್ಥಾಪಿಸಿದರು. 1960ರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು, ಆ ದಶಕದ ಕೊನೆಗೆ ಆರ್.ಎಂ. ಹಡಪದ ಅವರ ಕೆನ್ ಕಲಾಶಾಲೆ ಹುಟ್ಟಿಕೊಂಡವು. ಆರ್ಟ್ ಮಾಸ್ಟರ್ ತರಬೇತಿ ಪಡೆದು ಹೊರಬಂದವರು ಜಿಲ್ಲಾ ಕೇಂದ್ರಗಳ, ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಾದರು. ರಾಜಧಾನಿಯ ಅಭ್ಯಾಸಕ್ರಮವು ಮಧುಗಿರಿ, ಪಾವಗಡಗಳನ್ನು ತಲುಪಿದ್ದು ಇಂತಹ ಶಿಕ್ಷಕರ ಕೈಯಲ್ಲಿ.

ಡ್ರಾಯಿಂಗ್ ತರಗತಿ ಮತ್ತು ಗ್ರೇಡ್ ಪರೀಕ್ಷೆ

ಡ್ರಾಯಿಂಗ್ ಲೋಯರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಎಂಬ ಹೆಸರುಗಳು ರಾಜ್ಯದ ಪ್ರೌಢಶಾಲೆಗಳಲ್ಲಿ ಚಿರಪರಿಚಿತ. ಕರ್ನಾಟಕ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯು ಈ ಪರೀಕ್ಷೆಗಳನ್ನು ನಡೆಸುತ್ತಿತ್ತು. 2022ರಲ್ಲಿ ಆ ಮಂಡಳಿಯು ಪದವಿಪೂರ್ವ ಪರೀಕ್ಷಾ ವಿಭಾಗದೊಡನೆ ವಿಲೀನಗೊಂಡು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯಾಯಿತು. ಮುಕ್ತಹಸ್ತ ಚಿತ್ರ, ವಸ್ತುಚಿತ್ರ, ನಿಸರ್ಗಚಿತ್ರ, ಸ್ಮರಣಚಿತ್ರ, ವಿನ್ಯಾಸ, ರೇಖಾಗಣಿತ ಮೊದಲಾದ ಪಾಠಗಳು ಗ್ರೇಡ್ ಪರೀಕ್ಷೆಗಳ ಸಿದ್ಧತೆಯ ಸಾಂಪ್ರದಾಯಿಕ ಅಂಗಗಳು. ಸೌತ್ ಕೆನ್ಸಿಂಗ್ಟನ್ನಿನ ಘಟ್ಟಗಳ ನೆರಳು ಇವುಗಳ ಮೇಲೆ ಸ್ಪಷ್ಟವಾಗಿದೆ.

ಈ ಪಾಠಗಳ ಅಂತರಂಗವನ್ನು ಅರಿಯಲು ಒಂದು ಉದಾಹರಣೆ ಸಾಕು. ಮೇಜಿನ ಮೇಲೆ ಒಂದು ಮಣ್ಣಿನ ಮಡಕೆ ಇದೆ. ವಿದ್ಯಾರ್ಥಿ ಮೊದಲು ಹಾಳೆಯ ನಡುವೆ ನೇರವಾದ ಒಂದು ಅಕ್ಷರೇಖೆಯನ್ನು ಎಳೆಯಬೇಕು. ಒಂದು ಕಣ್ಣು ಮುಚ್ಚಿ, ಕೈಯನ್ನು ಪೂರ್ತಿ ಚಾಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಮಡಕೆಯ ಎತ್ತರಕ್ಕೂ ಅಗಲಕ್ಕೂ ಇರುವ ಪ್ರಮಾಣವನ್ನು ಅಳೆಯಬೇಕು. ಆಮೇಲೆ ಬಾಯಿ, ಕತ್ತು, ಹೊಟ್ಟೆ, ತಳಗಳ ಸ್ಥಾನವನ್ನು ಅಕ್ಷದ ಮೇಲೆ ಗುರುತಿಸಬೇಕು. ಇಲ್ಲಿ ಹೆಚ್ಚು ಕಾಣುವ ತಪ್ಪುಗಳು ಮೂರು. ಮಡಕೆಯ ಬಾಯಿಯ ದೀರ್ಘವೃತ್ತವು ಎರಡು ತುದಿಗಳಲ್ಲಿ ಬಾದಾಮಿಯಂತೆ ಚೂಪಾಗುತ್ತದೆ. ಎಡ ಬಲ ಹೊಟ್ಟೆಗಳು ಒಂದೇ ಅಳತೆಗೆ ಬರುವುದಿಲ್ಲ. ಮಡಕೆಯು ನೆಲದ ಮೇಲೆ ಕುಳಿತಿದೆಯೆಂಬ ತಿಳಿವಳಿಕೆಯಿಂದ ಮಗು ತಳವನ್ನು ಸರಳರೇಖೆಯಾಗಿ ಬರೆಯುತ್ತದೆ. ಮೂರನೆಯದು ಕೈಯ ತಪ್ಪಲ್ಲ, ಕಣ್ಣಿನ ತಪ್ಪು. ತನಗೆ ಗೊತ್ತಿರುವುದನ್ನು ಮಗು ಬರೆದಿದೆ, ಕಾಣುವುದನ್ನಲ್ಲ.

ತಿದ್ದುಪಡಿಯ ಕುಶಲತೆ ಇರುವುದು ಈ ಭೇದವನ್ನು ಗುರುತಿಸುವುದರಲ್ಲಿ. ಕೈಯ ತಪ್ಪಿಗೆ ಅಭ್ಯಾಸವೇ ಮದ್ದು. ಹಾಳೆ ತುಂಬ ದೀರ್ಘವೃತ್ತಗಳನ್ನು ಬರೆಯಿಸಿದರೆ ಮಣಿಕಟ್ಟು ಸಡಿಲವಾಗುತ್ತದೆ. ಕಣ್ಣಿನ ತಪ್ಪಿಗೆ ಎಷ್ಟು ಹಾಳೆ ಬರೆಯಿಸಿದರೂ ಪ್ರಯೋಜನವಿಲ್ಲ. ಮಗುವನ್ನು ಮಡಕೆಯ ಹತ್ತಿರ ಕರೆದು, ಬಾಯಿಯನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ತೋರಿಸಿ, ಮೆಲ್ಲಗೆ ಕೆಳಗಿಳಿಸಿದಾಗ ಗೆರೆಯಂತಿದ್ದ ಬಾಯಿ ಹೇಗೆ ತೆರೆದುಕೊಳ್ಳುತ್ತದೆ ಎಂಬುದನ್ನು ಕಾಣಿಸಬೇಕು. ಆಗ ಬಾಯಿಗಿಂತ ತಳದ ಬಾಗು ಏಕೆ ಹೆಚ್ಚು ಎಂಬುದು ತಾನಾಗಿ ತಿಳಿಯುತ್ತದೆ. ಶಿಕ್ಷಕನು ಮಗುವಿನ ಗೆರೆಯ ಮೇಲೆಯೇ ಗಟ್ಟಿಯಾಗಿ ಬರೆದರೆ ಚಿತ್ರ ಸರಿಯಾಗುತ್ತದೆ, ಮಗುವಿನ ಕಣ್ಣು ಹಾಗೆಯೇ ಉಳಿಯುತ್ತದೆ. ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆದು ತೋರಿಸಿ, ತಿದ್ದುವ ಕೆಲಸವನ್ನು ಮಗುವಿಗೇ ಬಿಡುವುದು ಇದಕ್ಕಿಂತ ಒಳ್ಳೆಯ ಕ್ರಮ. ತಿದ್ದಿದ್ದು ಕಣ್ಣಿಗೆ ಇಳಿದಿದೆಯೆ ಎಂಬುದನ್ನು ಮಡಕೆಯನ್ನು ತೆಗೆದಿಟ್ಟು ಬರೆಯಿಸುವ ಸ್ಮರಣಚಿತ್ರದಿಂದ ಪರೀಕ್ಷಿಸಬಹುದು.

ಈ ಅಕ್ಷರೇಖೆಗೂ ಮಾನಸೋಲ್ಲಾಸದ ಬ್ರಹ್ಮಸೂತ್ರಕ್ಕೂ ಇರುವ ಸಾದೃಶ್ಯ ಗಮನಾರ್ಹವಾಗಿದೆ. ಒಂದು ಲಂಡನ್ನಿನಿಂದ ಬಂದದ್ದು, ಇನ್ನೊಂದು ಕಲ್ಯಾಣದ್ದು. ಒಂದರಿಂದ ಮತ್ತೊಂದು ಹುಟ್ಟಿತೆಂದು ಹೇಳುವಂತಿಲ್ಲ. ಚಿತ್ರ ಕಲಿಯುವವನ ಕಣ್ಣಿಗೆ ಮೊದಲು ಒಂದು ನೇರ ಆಧಾರ ಬೇಕು ಎಂಬ ಅನುಭವಕ್ಕೆ ಎರಡು ಪರಂಪರೆಗಳೂ ಸ್ವತಂತ್ರವಾಗಿ ಬಂದಿವೆ. ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಸಾಂಪ್ರದಾಯಿಕ ಚಿತ್ರಕಾರ ಶಾಸ್ತ್ರೋಕ್ತವಾದ ಪಾಲುಗಳನ್ನು ಸೂತ್ರದ ಮೇಲೆ ಇಡುತ್ತಾನೆ. ಶಾಲಾ ವಿದ್ಯಾರ್ಥಿ ಎದುರಿಗಿರುವ ವಸ್ತುವಿನಿಂದ ಅಳೆದ ಪಾಲುಗಳನ್ನು ಇಡುತ್ತಾನೆ.

ಎದುರಿಗಿರುವ ವಸ್ತುಗಳಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೊರತೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರಕ್ಕೆ ಏರಿರುವ ಮಧುಗಿರಿಯ ಏಕಶಿಲಾ ಬೆಟ್ಟವು ಹೊರರೇಖೆಯ ಪಾಠಕ್ಕೆ ಹೇಳಿ ಮಾಡಿಸಿದಂತಿದೆ; ಬೆಟ್ಟದ ಮೈಮೇಲೆ ಹತ್ತುವ ಕೋಟೆಯ ಗೋಡೆ ಅದರ ಬಾಗನ್ನು ಅಳೆದು ತೋರಿಸುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗಗಳು, ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಬರುವ ಬಣ್ಣದ ಕೊಕ್ಕರೆಗಳು, ಕೊರಟಗೆರೆಯ ಸಿದ್ಧರಬೆಟ್ಟದ ಬಂಡೆಗಳು, ಪಾವಗಡದ ಹೊಲಗಳ ಕಡಲೆಕಾಯಿ ಗಿಡ ಇವೆಲ್ಲ ನಿಸರ್ಗಚಿತ್ರಕ್ಕೆ ಒದಗುತ್ತವೆ. 2019ರಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಪೂರ್ಣಗೊಂಡ ಪಾವಗಡ ತಾಲ್ಲೂಕಿನ ಸೌರ ಉದ್ಯಾನದಲ್ಲಿ ದಿಗಂತದ ಕಡೆಗೆ ಕಿರಿದಾಗುತ್ತ ಹೋಗುವ ಫಲಕಗಳ ಸಾಲುಗಳು ದೃಷ್ಟಿಕ್ರಮದ ನಿಯಮವನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ವಿವರಿಸುತ್ತವೆ. ಕನ್ನಡದೊಡನೆ ತೆಲುಗೂ ಮನೆಮಾತಾಗಿರುವ ಪಾವಗಡದಂತಹ ತಾಲ್ಲೂಕಿನಲ್ಲಿ ಭಾಷೆಯ ಅಡ್ಡಿಯಿಲ್ಲದೆ ಮಗು ತನ್ನ ಅರಿವನ್ನು ಶಿಕ್ಷಕನಿಗೆ ತೋರಿಸಬಹುದಾದ ವಿಷಯಗಳಲ್ಲಿ ಚಿತ್ರವೂ ಒಂದು.

ಗ್ರೇಡ್ ಪರೀಕ್ಷೆಗಳ ಉಪಕಾರವನ್ನು ಕಡೆಗಣಿಸುವಂತಿಲ್ಲ. ಕಲಾಶಾಲೆಯಿಲ್ಲದ ಊರುಗಳ ಮಕ್ಕಳಿಗೆ ಅವು ಒಂದು ಕ್ರಮವನ್ನೂ ಗುರಿಯನ್ನೂ ಪ್ರಮಾಣಪತ್ರವನ್ನೂ ಒದಗಿಸಿದವು. ಆದರೆ ಪರೀಕ್ಷೆಯ ಸ್ವಭಾವದಲ್ಲಿಯೇ ಒಂದು ಮಿತಿಯಿದೆ. ಪರೀಕ್ಷೆಯ ಹಾಳೆ ಮೌಲ್ಯಮಾಪಕರ ಕಡೆಗೆ ಹೋಗುತ್ತದೆ, ಅಭ್ಯಾಸದ ಹಾಳೆಯಂತೆ ಕಲಿಯುವವನ ಕೈಗೆ ಮರಳುವುದಿಲ್ಲ. ಮರಳುವುದು ಫಲಿತಾಂಶ ಮಾತ್ರ. ಮಡಕೆಯ ತಳ ಏಕೆ ತಪ್ಪಾಯಿತು ಎಂಬುದನ್ನು ಫಲಿತಾಂಶ ಹೇಳುವುದಿಲ್ಲ. ಅದನ್ನು ಹೇಳಬಲ್ಲವನು ತರಗತಿಯಲ್ಲಿ ಬೆನ್ನ ಹಿಂದೆ ನಿಂತು ನೋಡಿದ ಶಿಕ್ಷಕ ಒಬ್ಬನೇ. ಫಲಿತಾಂಶಕ್ಕೆ ಹಣ ಕೊಟ್ಟ ಸೌತ್ ಕೆನ್ಸಿಂಗ್ಟನ್ನಿನ ಕಾಲದಿಂದಲೂ ಈ ಕೊರತೆ ಪಾಠಕ್ರಮದ ಒಳಗೇ ಇದೆ.

ತಿದ್ದಬೇಕೆ, ಬಿಡಬೇಕೆ

ತಿದ್ದುವುದೇ ತಪ್ಪು ಎಂಬ ವಾದವೂ ಇದೆ. 1897ರಲ್ಲಿ ವಿಯೆನ್ನಾದಲ್ಲಿ ಫ್ರಾಂಝ್ ಚಿಝೆಕ್ ಮಕ್ಕಳಿಗಾಗಿ ತೆರೆದ ತರಗತಿ, 1943ರಲ್ಲಿ ಪ್ರಕಟವಾದ ಹರ್ಬರ್ಟ್ ರೀಡನ ಕಲಾಶಿಕ್ಷಣದ ಗ್ರಂಥ ಇವು ಮಗುವಿನ ಸಹಜಾಭಿವ್ಯಕ್ತಿಗೆ ಒತ್ತು ಕೊಟ್ಟವು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ನಡೆಸಿದ ಪ್ರಯೋಗಗಳೂ ಮಕ್ಕಳ ಸ್ವಾತಂತ್ರ್ಯದ ಪರವಾಗಿದ್ದವು. ಮುದ್ರಿತ ಮಾದರಿಗಳನ್ನು ನಕಲು ಮಾಡಿಸುತ್ತಿದ್ದ ತರಗತಿಗಳ ವಿರುದ್ಧ ಈ ವಿಚಾರಧಾರೆ ಎತ್ತಿದ ಆಕ್ಷೇಪ ನ್ಯಾಯವಾದುದು. ಆದರೆ ನಕಲು ಮಾಡಿಸುವುದೂ ತಿದ್ದುವುದೂ ಒಂದೇ ಅಲ್ಲ. ನಕಲು ಎಲ್ಲ ಮಕ್ಕಳಿಗೂ ಒಂದೇ ಉತ್ತರವನ್ನು ಕೊಡುತ್ತದೆ. ತಿದ್ದುಪಡಿಯು ಒಂದು ಮಗುವಿನ ಒಂದು ತಪ್ಪಿಗೆ ಮಾತ್ರ ಸಂಬಂಧಿಸಿದ್ದು.

ತಿದ್ದುವ ಅಧಿಕಾರಕ್ಕೂ ಮಿತಿಯಿದೆ ಎಂಬುದಕ್ಕೆ ಕಲ್ಕತ್ತದ ಪ್ರಸಿದ್ಧ ಪ್ರಸಂಗವೊಂದು ಸಾಕ್ಷಿ. ಅವನೀಂದ್ರನಾಥ ಠಾಕೂರರು ಶಿಷ್ಯ ನಂದಲಾಲ ಬೋಸರ ಉಮೆಯ ತಪಸ್ಸಿನ ಚಿತ್ರವನ್ನು ನೋಡಿ, ಅದು ತೀರ ಬರಿದಾಗಿದೆಯೆಂದೂ ಉಮೆಗೆ ಸ್ವಲ್ಪ ಅಲಂಕಾರ ಬೇಕೆಂದೂ ಸೂಚಿಸಿದರು. ರಾತ್ರಿಯೆಲ್ಲ ಅವರಿಗೆ ನಿದ್ರೆ ಬರಲಿಲ್ಲ. ತಪಸ್ವಿನಿಗೆ ಅಲಂಕಾರ ಹೇಳಿದ್ದು ತಪ್ಪೆಂದು ಅರಿತು, ಬೆಳಗಾಗುತ್ತಲೇ ಶಿಷ್ಯನ ಬಳಿಗೆ ಹೋಗಿ ಚಿತ್ರವನ್ನು ಮುಟ್ಟದಂತೆ ತಡೆದರು. ಇದೇ ಗುರುವಿನ ಬಳಿ ಕಲಿತ ಕನ್ನಡಿಗ ಕೆ. ವೆಂಕಟಪ್ಪನವರು (1886–1965) ಮೈಸೂರಿನ ಚಿತ್ರಗಾರ ಮನೆತನದವರು. ವಂಶದ ರೇಖಾಶಿಕ್ಷಣ ಮತ್ತು ಕಲಾಶಾಲೆಯ ಶಿಕ್ಷಣ ಎರಡೂ ಅವರಲ್ಲಿ ಕೂಡಿದವು. ಅವರ ಜಲವರ್ಣ ನಿಸರ್ಗಚಿತ್ರಗಳ ನಿಖರತೆಯನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕಾಗಿದೆ. ಒಳ್ಳೆಯ ಗುರು ಶಿಷ್ಯನ ಚಿತ್ರವನ್ನು ಮಾತ್ರವಲ್ಲದೆ ತನ್ನ ತಿದ್ದುಪಡಿಯನ್ನೂ ತಿದ್ದಿಕೊಳ್ಳುತ್ತಾನೆ. ಮುದ್ರಿತ ಪಾಠಕ್ಕೆ ಈ ಶಕ್ತಿಯಿಲ್ಲ.

ನೂರರ ಗಡಿ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವನ್ನು ಎಲ್ಲ ಮಕ್ಕಳಿಗೂ ಕಲಿಸಬೇಕಾದ ವಿಷಯವೆಂದು ಶಿಫಾರಸು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳೊಡನೆ ಬೆಸೆಯುವ ಮಾತನಾಡಿತು. ರಾಜ್ಯದ ಪ್ರತಿಭಾ ಕಾರಂಜಿ ಸ್ಪರ್ಧೆಗಳು ಚಿತ್ರಕಲೆ, ರಂಗೋಲಿಗಳಿಗೆ ವೇದಿಕೆ ಕಲ್ಪಿಸಿದವು. ಉದ್ದೇಶಗಳ ದೃಷ್ಟಿಯಿಂದ ಇವೆಲ್ಲ ಸ್ವಾಗತಾರ್ಹ. ತಿದ್ದುವ ಕೈಯ ದೃಷ್ಟಿಯಿಂದ ನೋಡಿದರೆ ಹೆಚ್ಚು ನಿರ್ಣಾಯಕವಾದುದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಒಂದು ಸಾಲು. 6ರಿಂದ 8ನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಅದು ವಿಧಿಸುತ್ತದೆ. ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಈ ಕಟ್ಟಳೆ ಅನ್ವಯಿಸುವುದಿಲ್ಲ.

ಹಳ್ಳಿಗಳು ಚದುರಿ ಹೋಗಿರುವ ಒಣಭೂಮಿಯ ತಾಲ್ಲೂಕುಗಳಿಗೆ ಈ ಗಡಿಯ ಅರ್ಥ ಗಂಭೀರವಾದುದು. ಮೂರು ತರಗತಿಗಳಲ್ಲಿ 90 ಮಕ್ಕಳಿರುವ ಶಾಲೆಯ ಮಗುವಿಗೆ ಮಡಕೆಯ ತಳವನ್ನು ತೋರಿಸಿಕೊಡುವವರು ಇರಲೇಬೇಕೆಂದು ಕಾನೂನು ಹೇಳುವುದಿಲ್ಲ. ಅಂತಹ ಮಗುವೂ ಚಿತ್ರ ಬರೆಯುತ್ತದೆ, ಸ್ಪರ್ಧೆಗೂ ಹೋಗುತ್ತದೆ, ಬಹುಮಾನವನ್ನೂ ಪಡೆಯಬಹುದು. ಆದರೆ ಅದರ ತಪ್ಪು ಕಣ್ಣಿನದೋ ಕೈಯದೋ ಎಂದು ಗುರುತಿಸಿ ಹೇಳುವವರು ಇಲ್ಲದೆ, ಪ್ರೌಢಶಾಲೆಗೆ ಬರುವ ಹೊತ್ತಿಗೆ 'ನನಗೆ ಚಿತ್ರ ಬರುವುದಿಲ್ಲ' ಎಂಬ ನಿರ್ಣಯಕ್ಕೆ ಬಂದಿರುತ್ತದೆ. ಬಾರದಿರುವುದು ಸ್ವಭಾವದಿಂದಲ್ಲ, ತಿದ್ದುವವರ ಅಭಾವದಿಂದ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಇದೇ ನಾಡಿನಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು, ಕಲಿಕೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿ ಪ್ರತಿ ಮಗುವನ್ನು ಅದು ನಿಂತಿರುವ ಮೆಟ್ಟಿಲಿನಲ್ಲಿ ಗಮನಿಸಬೇಕೆಂಬ ತತ್ವವನ್ನು ಅಕ್ಷರಕ್ಕೂ ಲೆಕ್ಕಕ್ಕೂ ಅನ್ವಯಿಸಿತು. ಅಕ್ಷರಕ್ಕೆ ಒಪ್ಪಿತವಾದ ಈ ತತ್ವವು ಚಿತ್ರಕ್ಕೆ ಹೊಸದೇನೂ ಅಲ್ಲ. ಚಿತ್ರಕಾರರ ಮನೆಗಳಲ್ಲಿ, ರಂಗೋಲಿಯ ಅಂಗಳದಲ್ಲಿ, ಒಳ್ಳೆಯ ಡ್ರಾಯಿಂಗ್ ಮೇಷ್ಟ್ರುಗಳ ತರಗತಿಯಲ್ಲಿ ಅದು ಮೊದಲಿನಿಂದಲೂ ಇದ್ದದ್ದೇ.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಾಂಪ್ರದಾಯಿಕ ಮತ್ತು ಆಧುನಿಕ ಶಿಕ್ಷಣಗಳು ಪರಸ್ಪರ ವಿರುದ್ಧವೆಂಬ ರೂಢಿಯ ಗ್ರಹಿಕೆ ಅಭ್ಯಾಸದ ಮಟ್ಟದಲ್ಲಿ ನಿಲ್ಲುವುದಿಲ್ಲ. ಎರಡರಲ್ಲಿಯೂ ಆಧಾರಸೂತ್ರ, ಹಂತಗಳು, ಪುನರಾವರ್ತನೆ ಇವೆ. ಎರಡೂ ಜೀವಂತವಾಗಿ ಉಳಿದದ್ದು ತಿದ್ದುವವರು ಇದ್ದ ಕಡೆಗಳಲ್ಲಿ ಮಾತ್ರ. ಪಾಠಕ್ರಮವನ್ನು ಎಷ್ಟು ಪರಿಷ್ಕರಿಸಿದರೂ, ಪರೀಕ್ಷೆಯನ್ನು ಎಷ್ಟು ವಿಸ್ತರಿಸಿದರೂ, ಆ ಸ್ಥಾನ ಖಾಲಿಯಿದ್ದರೆ ಅಭ್ಯಾಸವು ನಕಲಾಗಿ ಇಳಿಯುತ್ತದೆ.

ಕಲಾಚರಿತ್ರೆಕಾರರ ಮೇಲೂ ಒಂದು ಹೊಣೆಯಿದೆ. ಶಿಕ್ಷಕನ ಕೈಬರಹದಲ್ಲಿ ಅಂಚಿನ ತಿದ್ದುಪಡಿಗಳಿರುವ ಒಂದು ಹಳೆಯ ಡ್ರಾಯಿಂಗ್ ಪುಸ್ತಕವು ಕಲಾಶಿಕ್ಷಣದ ಚರಿತ್ರೆಗೆ ಶಾಸನದಷ್ಟೇ ಬೆಲೆಯುಳ್ಳ ಆಕರ. ಯಾವ ಕಾಲದಲ್ಲಿ ಏನನ್ನು ತಪ್ಪೆಂದು ಎಣಿಸಿದರು, ಅದನ್ನು ಹೇಗೆ ಹೇಳಿದರು, ಹೇಳಿದ ಮೇಲೆ ಮುಂದಿನ ಪುಟದಲ್ಲಿ ಗೆರೆ ಹೇಗೆ ಬದಲಾಯಿತು ಎಂಬುದನ್ನು ಅದರಿಂದ ನೇರವಾಗಿ ಓದಬಹುದು. ನಿವೃತ್ತರಾದ ಚಿತ್ರಕಲಾ ಶಿಕ್ಷಕರ ಮನೆಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಪೆಟ್ಟಿಗೆಗಳಲ್ಲಿ ಇಂತಹ ಪುಸ್ತಕಗಳು ಉಳಿದಿರುವಷ್ಟು ಕಾಲ ಮಾತ್ರ ಈ ಅವಕಾಶ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಮತ್ತು ಜಿಲ್ಲಾ ಗ್ರಂಥಾಲಯಗಳು ಶೈಕ್ಷಣಿಕ ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡು ಇವುಗಳನ್ನು ಸಂಗ್ರಹಿಸಿ ಕಾಪಿಡುವ ಕಾರ್ಯವನ್ನು ಕೈಗೊಳ್ಳಬೇಕು. ನಾಲ್ಕೇ ತಾಲ್ಲೂಕುಗಳ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತಹ ಕಾರ್ಯದ ಆರಂಭಕ್ಕೆ ಅನುಕೂಲವಾದ ಅಳತೆಯದಾಗಿದೆ.